ಹಸಿವಿನ ಕೋಟೆ: ಲಾನ್ಸರೋಟೆ ದ್ವೀಪದ ಸಾನ್ ಹೋಸೆ

(ಕಡಲ ದಡದ ಕೋಟೆಗಳ ಬಗ್ಗೆ ಇತ್ತೀಚೆಗೆ ಆಡಿದ ಮಾತಿನ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ನಕ್ಷೆ, ಚಿತ್ರಗಳು ಇಲ್ಲಿಲ್ಲ. ಅವುಗಳ ಜಾಗದಲ್ಲಿ ಕೆಲವು ಸಾಲು ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ.

ಅಟ್ಲಾಂಟಿಕ್ ದ್ವೀಪದ ಕೋಟೆ ಎಂದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಬ್ರಿಟಿಷ್ ನೌಕಾಪಡೆಯ ನೆಲ್ಸನ್ ನೆನಪಾಗಿರಬಹುದು. 1797ರಲ್ಲಿ ತೆನೆರೀಫೆ ದ್ವೀಪದ ಸಾಂತಾ ಕ್ರೂಸ್ ಹಿಡಿಯಲು ಹೋಗಿ ಅವನು ಸೋತ, ಬಲಗೈಯನ್ನೂ ಕಳೆದುಕೊಂಡ. ಅಂಥ ಕಥೆ ಕೇಳಲು ಬಂದಿದ್ದರೆ ಈಗಲೇ ಹೇಳಿಬಿಡುತ್ತೇನೆ, ಇವತ್ತು ನಿಮಗೆ ನಿರಾಸೆ ಗ್ಯಾರಂಟಿ. ನಾನು ಮಾತಾಡುವ ಕೋಟೆಯೂ ಅದೇ ಕೆನರಿ ದ್ವೀಪಗಳದ್ದು. ಆದರೆ ಅದರ ಗೋಡೆಯ ಕೆಳಗೆ ಹೆಸರು ಹೇಳುವಂಥ ಒಂದು ಕಾಳಗವೂ ನಡೆದಿಲ್ಲ. ಯಾವ ಸೇನಾಪತಿಯೂ ಅಲ್ಲಿ ಕೈಕಾಲು ಕಳೆದುಕೊಂಡಿಲ್ಲ. ಆದರೂ ಅದನ್ನೇ ಆರಿಸಿಕೊಂಡೆ. ಯಾಕೆಂದರೆ ಕೋಟೆಗಳನ್ನು ನಾವು ಯಾವಾಗಲೂ ಶತ್ರುವಿನ ಕಡೆಯಿಂದ ನೋಡುತ್ತೇವೆ: ಯಾರು ಮುತ್ತಿಗೆ ಹಾಕಿದರು, ಯಾರು ಗೆದ್ದರು. ಈ ಕೋಟೆಯನ್ನು ಕಲ್ಲು ಹೊತ್ತವರ ಕಡೆಯಿಂದ ನೋಡಿದರೇನೇ ಅರ್ಥವಾಗುವುದು.

ಕೋಟೆಯ ಹೆಸರು ಕಾಸ್ತೀಯೋ ದೆ ಸಾನ್ ಹೋಸೆ. ಊರು ಅರ್ರೆಸಿಫೆ. ದ್ವೀಪ ಲಾನ್ಸರೋಟೆ. ಕಟ್ಟಿದ್ದು 1776ರಿಂದ 1779ರ ನಡುವೆ, ಸ್ಪೇನಿನ ದೊರೆ ಮೂರನೇ ಕಾರ್ಲೋಸನ ಅಪ್ಪಣೆ ಮೇರೆಗೆ. ಊರಿನ ಜನ ಅದಕ್ಕೆ ಇಟ್ಟ ಹೆಸರು ಬೇರೆ, ‘ಫೋರ್ತಲೇಸಾ ದೆಲ್ ಆಂಬ್ರೆ’. ಅಂದರೆ ಹಸಿವಿನ ಕೋಟೆ.

ಮೊದಲು ಜಾಗ ನೋಡೋಣ. ಲಾನ್ಸರೋಟೆ ಸ್ಪೇನಿಗೆ ಸೇರಿದ್ದಾದರೂ ಹತ್ತಿರ ಇರುವುದು ಆಫ್ರಿಕಾಕ್ಕೆ. ಮೊರೊಕ್ಕೋ ಕಡೆಯ ದಡ ಅಲ್ಲಿಂದ ಸುಮಾರು 125 ಕಿಲೋಮೀಟರ್ ಅಷ್ಟೇ. ದ್ವೀಪದ ಉದ್ದ 60 ಕಿಲೋಮೀಟರ್ ಆಸುಪಾಸು. ಇಡೀ ದ್ವೀಪ ಜ್ವಾಲಾಮುಖಿಯಿಂದ ಹುಟ್ಟಿದ್ದು. ಮಳೆ ವರ್ಷಕ್ಕೆ 150 ಮಿಲಿಮೀಟರ್ ದಾಟುವುದೇ ಕಷ್ಟ. ನಮ್ಮ ಬಯಲುಸೀಮೆಯವರೂ ಇದನ್ನು ಬರ ಎಂದೇ ಕರೆಯುತ್ತಾರೆ. ಹೊಳೆ ಇಲ್ಲ. ಇದ್ದ ನೀರೆಲ್ಲ ಮಳೆ ಬಿದ್ದಾಗ ತೊಟ್ಟಿಗಳಲ್ಲಿ, ನೆಲದಡಿಯ ಹೊಂಡಗಳಲ್ಲಿ ಹಿಡಿದಿಟ್ಟದ್ದು. ಒಳ್ಳೆ ವರ್ಷದಲ್ಲಿ ಮಾತ್ರ ದ್ವೀಪ ಗೋಧಿ, ಬಾರ್ಲಿಯನ್ನು ಧಾರಾಳವಾಗಿ ಬೆಳೆಯುತ್ತಿತ್ತು. ಎಷ್ಟೆಂದರೆ ತೆನೆರೀಫೆ, ಗ್ರಾನ್ ಕನಾರಿಯಾ ದ್ವೀಪಗಳಿಗೆ ಇಲ್ಲಿಂದಲೇ ಕಾಳು ಹೋಗುತ್ತಿತ್ತು. ಕೆಟ್ಟ ವರ್ಷ ಬಂದರೆ ಕಾಳೂ ಇಲ್ಲ, ಕುಡಿಯುವ ನೀರೂ ಇಲ್ಲ.

ಇನ್ನು ಕಡಲ್ಗಳ್ಳರ ವಿಷಯ. ಕೋಟೆ ಕಟ್ಟಲು ಮೇಲ್ನೋಟದ ಕಾರಣ ಅವರೇ ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅರ್ರೆಸಿಫೆಯಲ್ಲಿ ಸಾನ್ ಹೋಸೆಗಿಂತ ಎರಡು ಶತಮಾನ ಹಳೆಯ ಇನ್ನೊಂದು ಕೋಟೆ ಇದೆ, ಸಾನ್ ಗಬ್ರಿಯೆಲ್. ದಡದ ಎದುರಿನ ಪುಟ್ಟ ಕಲ್ಲುಗುಡ್ಡೆಯ ಮೇಲೆ 1570ರ ದಶಕದಲ್ಲಿ ಕಟ್ಟಿದ್ದು. 1586ರಲ್ಲಿ ಉತ್ತರ ಆಫ್ರಿಕಾದ ಅಲ್ಜೀರ್ಸ್‌ನ ಮೊರಾತೊ ಅರ್ರಾಯೆಸ್ ಎಂಬ ಕಡಲ ದಾಳಿಕಾರ ಬಂದು ಅದಕ್ಕೆ ಬೆಂಕಿ ಹಚ್ಚಿದ. ಆಮೇಲೆ ದೊರೆ ಎರಡನೇ ಫಿಲಿಪ್ ಕಳಿಸಿದ ಇಟಲಿಯ ಎಂಜಿನಿಯರ್ ಲಿಯೊನಾರ್ಡೊ ಟೊರಿಯಾನಿ ಅದನ್ನು ಗಟ್ಟಿಮಾಡುವ ಯೋಜನೆ ಹಾಕಿಕೊಟ್ಟ. ಆಗಿನ ರಾಜಧಾನಿ ತೆಗೀಸೆ ದಡದಲ್ಲಿ ಇರಲಿಲ್ಲ, ಒಳನಾಡಿನಲ್ಲಿತ್ತು. ಕಡಲಿಗೆ ಹೆದರಿ ಊರನ್ನೇ ಒಳಗೆ ಎಳೆದುಕೊಂಡಿದ್ದರು. ತೆಗೀಸೆ ಪಕ್ಕದ ಗುವಾನಪಾಯ್ ಎಂಬ ಹಳೆಯ ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ ಸಾಂತಾ ಬಾರ್ಬರಾ ಕೋಟೆ ಇದೆ. ಹಡಗು ಕಂಡರೆ ಜನರನ್ನು ಎಚ್ಚರಿಸಲು ಅದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ.

1618ರಲ್ಲಿ ದೊಡ್ಡ ಅನಾಹುತ ಆಯಿತು. ಅಲ್ಜೀರ್ಸ್‌ನಿಂದ ಬಂದ ಪಡೆ ದ್ವೀಪಕ್ಕೆ ನುಗ್ಗಿತು. ಲಾವಾ ಹರಿದು ಆದ ಉದ್ದನೆಯ ಸುರಂಗವೊಂದು ಉತ್ತರದಲ್ಲಿದೆ, ಕ್ವೆವಾ ದೆ ಲೋಸ್ ವೆರ್ದೆಸ್ ಅಂತ. ಜನ ಅದರೊಳಗೆ ಅಡಗಿ ಕೂತರು. ದಾಳಿಕಾರರು ಅವರನ್ನು ಅಲ್ಲಿಂದಲೇ ಹಿಡಿದು ಎಳೆದರು. ಆ ದಾಳಿಯಲ್ಲಿ ಸುಮಾರು 900 ಜನರನ್ನು ಹೊತ್ತೊಯ್ದರು ಎನ್ನುವುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಕೆಲವೇ ಸಾವಿರ ಜನರಿದ್ದ ದ್ವೀಪದಲ್ಲಿ 900 ಎಂದರೆ ಮನೆಮನೆಯಲ್ಲೂ ಒಬ್ಬರು ಇಲ್ಲವಾದ ಹಾಗೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಪ್ರವಾಸಿ ಫಲಕಗಳಲ್ಲಿ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಲಾನ್ಸರೋಟೆಯ ಒಡೆಯರೂ ಸುಮ್ನೆ ಕೂತವರಲ್ಲ. 16ನೇ ಶತಮಾನದಲ್ಲಿ ಅವರು ಎದುರಿನ ಆಫ್ರಿಕಾ ದಡಕ್ಕೆ ದೋಣಿ ಕಟ್ಟಿಕೊಂಡು ಹೋಗಿ ಅಲ್ಲಿನ ಜನರನ್ನು ಹಿಡಿದು ತರುತ್ತಿದ್ದರು. ದ್ವೀಪದ ಮೊದಲ ಮಾರ್ಕ್ವಿಸ್ ಆಗುಸ್ತೀನ್ ದೆ ಎರ್ರೇರಾ ಈ ಕೆಲಸದಲ್ಲಿ ಎತ್ತಿದ ಕೈ. ಹಾಗೆ ಬಂದವರ ಮಕ್ಕಳು, ಮೊಮ್ಮಕ್ಕಳೇ ದ್ವೀಪದ ಜನಸಂಖ್ಯೆಯಲ್ಲಿ ದೊಡ್ಡ ಪಾಲು ಆದರು. ಆದ್ದರಿಂದ ‘ಕಡಲ್ಗಳ್ಳರು ಬಂದರು’ ಎನ್ನುವಾಗ ಮನುಷ್ಯರನ್ನು ಕದಿಯುವ ವ್ಯಾಪಾರ ಎರಡೂ ದಡದಿಂದ ನಡೆಯುತ್ತಿತ್ತು ಎನ್ನುವುದನ್ನು ಮರೆಯಬಾರದು.

ಈಗ 18ನೇ ಶತಮಾನಕ್ಕೆ ಬರೋಣ. ನಮ್ಮ ಕೋಟೆಯ ನಿಜವಾದ ಕಥೆ ಶುರುವಾಗುವುದು ಇಲ್ಲಿಂದ.

1730ರ ಸೆಪ್ಟೆಂಬರ್ 1ರ ರಾತ್ರಿ ದ್ವೀಪದ ಪಶ್ಚಿಮದಲ್ಲಿ ತಿಮಾನ್ಫಾಯಾ ಎಂಬಲ್ಲಿ ನೆಲ ಬಾಯಿಬಿಟ್ಟಿತು. ಪಕ್ಕದ ಯಾಯ್ಸಾ ಊರಿನ ಪಾದ್ರಿ ಆಂದ್ರೆಸ್ ಲೊರೆನ್ಸೊ ಕುರ್ಬೆಲೊ ಆದದ್ದನ್ನು ಬರೆದಿಟ್ಟ. ರಾತ್ರಿ ಒಂಬತ್ತು ಹತ್ತರ ನಡುವೆ ಭೂಮಿ ಸೀಳಿತು, ಬೆಟ್ಟವೊಂದು ಎದ್ದಿತು, ಬೆಂಕಿ ಕಾರಿತು. ಒಂದು ವಾರ, ಒಂದು ತಿಂಗಳಿಗೆ ಮುಗಿಯಲಿಲ್ಲ. 1736ರ ಏಪ್ರಿಲ್‌ವರೆಗೆ, ಆರು ವರ್ಷ ಹತ್ತಿರ, ಬಿಟ್ಟು ಬಿಟ್ಟು ಉಗುಳುತ್ತಲೇ ಇತ್ತು. ಹಳ್ಳಿಗಳು ಒಂದಾದ ಮೇಲೊಂದು ಲಾವಾದಡಿ ಹೋದವು. ದ್ವೀಪದ ಸುಮಾರು ಕಾಲು ಭಾಗ ಮುಚ್ಚಿಹೋಯಿತು. ಅದೂ ಯಾವ ಕಾಲು ಭಾಗ? ಒಳ್ಳೆ ಕಾಳು ಬೆಳೆಯುತ್ತಿದ್ದ ಜಾಗ. ದನಕರು ಸತ್ತವು. ಜನ ಪಕ್ಕದ ಫ್ವೆರ್ತೆವೆಂತೂರಾಕ್ಕೆ, ಬೇರೆ ದ್ವೀಪಗಳಿಗೆ ಓಡತೊಡಗಿದರು. ದ್ವೀಪ ಖಾಲಿಯಾದರೆ ಗತಿ ಏನು ಎಂದು ಹೆದರಿದ ಅಧಿಕಾರಿಗಳು ಮೊದಮೊದಲು ಹೋಗುವುದನ್ನೇ ತಡೆಯಲು ನೋಡಿದರು. ಬೆಂಕಿ ಕಾರುವ ನೆಲದಲ್ಲಿ ‘ಅಲ್ಲೇ ಇರಿ’ ಎನ್ನುವ ಸರ್ಕಾರ! ಕೆಲವು ಸಂಗತಿ ಎಲ್ಲಾ ಕಾಲಕ್ಕೂ ಒಂದೇ ನೋಡಿ.

ಜ್ವಾಲಾಮುಖಿಗೆ ಮೊದಲೂ ಬದುಕು ಸುಲಭ ಇರಲಿಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ ಸಾನ್ ಆಂಟೋನಿಯೊ ನಗರ ಇದೆಯಲ್ಲ, ಅಲ್ಲಿನ ಮೊದಲ ನಾಗರಿಕ ಆಡಳಿತ ಕಟ್ಟಿದವರು ಕೆನರಿ ದ್ವೀಪಗಳಿಂದ ಹೋದ ಕುಟುಂಬಗಳು. ಅವರಲ್ಲಿ ಲಾನ್ಸರೋಟೆಯವರೇ ಜಾಸ್ತಿ. 1731ರ ಮಾರ್ಚ್‌ನಲ್ಲಿ ಅವರು ಅಲ್ಲಿ ತಲುಪಿದರು. ಆದರೆ ದ್ವೀಪ ಬಿಟ್ಟಿದ್ದು ಜ್ವಾಲಾಮುಖಿ ಸಿಡಿಯುವುದಕ್ಕೂ ತಿಂಗಳುಗಳ ಮೊದಲು. ಬೆಂಕಿ ಬರುವ ಮೊದಲೇ ಜನ ಗಂಟುಮೂಟೆ ಕಟ್ಟಿದ್ದರು. ಇದನ್ನು ನೆನಪಿಡಿ, ಯಾಕೆಂದರೆ ಲಾನ್ಸರೋಟೆಯ ಕಷ್ಟಕ್ಕೆಲ್ಲ ತಿಮಾನ್ಫಾಯಾ ಕಡೆ ಬೆರಳು ತೋರಿಸುವುದು ರೂಢಿ. ಮಳೆ ಕೈಕೊಡುವುದು ಅದಕ್ಕಿಂತ ಹಳೆಯ ಕಾಯಿಲೆ.

ಆಮೇಲೆ 1770ರ ಆಸುಪಾಸಿನಲ್ಲಿ ಮತ್ತೆ ಭೀಕರ ಬರ ಬಿತ್ತು. ಸಾಲಾಗಿ ಕೆಲವು ವರ್ಷ ಮಳೆ ಇಲ್ಲ. ಲಾನ್ಸರೋಟೆ, ಫ್ವೆರ್ತೆವೆಂತೂರಾ ಎರಡರಲ್ಲೂ ಜನ ಹಸಿವಿನಿಂದ ಸತ್ತರು. ಉಳಿದವರಲ್ಲಿ ಎಷ್ಟೋ ಮಂದಿ ದೋಣಿ ಹತ್ತಿ ಬೇರೆ ದ್ವೀಪಗಳಿಗೆ ಹೋದರು. ಮೂರನೇ ಕಾರ್ಲೋಸ್ ಕೋಟೆ ಕಟ್ಟಲು ಹೇಳಿದ್ದು ಇಂಥ ಹೊತ್ತಿನಲ್ಲಿ. ಕಲ್ಲು ಒಡೆಯುವ, ಹೊರುವ, ಗಾರೆ ಕಲಸುವ ಕೆಲಸ ದ್ವೀಪದ ಜನರಿಗೆ. ಕೆಲಸ ಮಾಡಿದವರಿಗೆ ಕೂಲಿ. ನಮ್ಮ ಹಳಬರ ಬಾಯಲ್ಲಿ ಇದಕ್ಕೆ ‘ಬರಗಾಲದ ಕಾಮಗಾರಿ’ ಎಂಬ ಹೆಸರು ಸಿದ್ಧವಾಗಿಯೇ ಇದೆ. ಕೆರೆ ತೋಡಿಸಿ, ರಸ್ತೆ ಹಾಕಿಸಿ ಕೂಲಿ ಕೊಡುತ್ತಿದ್ದರಲ್ಲ, ಅದೇ.

ಅದೇ ಕಾಲದ ಇನ್ನೊಂದು ಉದಾಹರಣೆ ನಿಮಗೆ ಗೊತ್ತಿರುತ್ತದೆ. ಲಕ್ನೋದ ಬಡಾ ಇಮಾಂಬಾಡಾ. ನವಾಬ ಆಸಫ್ ಉದ್ ದೌಲಾ 1784ರಲ್ಲಿ ಬರದ ನಡುವೆ ಅದನ್ನು ಶುರು ಮಾಡಿದ. ಒಂದಕ್ಕೊಂದು ಸಂಬಂಧವಿಲ್ಲದ ಇಬ್ಬರು ಅರಸರು, ಹತ್ತು ವರ್ಷದ ಒಳಗೆ, ಒಂದೇ ಉಪಾಯಕ್ಕೆ ಬಂದಿದ್ದಾರೆ. ಸುಮ್ನೆ ಹಣ ಹಂಚಲು ಯಾವ ಅರಮನೆಗೂ ಮನಸ್ಸು ಬರುವುದಿಲ್ಲ. ಕಲ್ಲು ಹೊರಿಸಿ ಕೊಟ್ಟರೆ ಖಜಾನೆಗೂ ಸಮಾಧಾನ.

ಹಾಗಾದರೆ ಇದು ನಿಜಕ್ಕೂ ಕೋಟೆಯಾ, ಇಲ್ಲ ಕೂಲಿ ಕೊಡಲು ಒಂದು ನೆಪವಾ? ಎರಡೂ ಎನ್ನುವುದು ನನ್ನ ಲೆಕ್ಕ. ರಕ್ಷಣೆಯ ಕಾರಣ ಪೂರ್ತಿ ಸುಳ್ಳಲ್ಲ. 1749ರಲ್ಲಿ ಕೂಡ ಅಲ್ಜೀರ್ಸ್‌ನ ದಾಳಿಕಾರರು ದಕ್ಷಿಣ ತುದಿಯಲ್ಲಿ ಇಳಿದು ಲಾಸ್ ಕೊಲೊರಾದಾಸ್ ಗೋಪುರವನ್ನು ಸುಟ್ಟಿದ್ದರು. ಅರ್ರೆಸಿಫೆಯಲ್ಲಿ ಹಡಗು ನಿಲ್ಲಲು ಒಳ್ಳೆಯ ಜಾಗ ಪ್ವೆರ್ತೊ ದೆ ನಾವೋಸ್ ಎಂಬ ಕೊಲ್ಲಿ. ಸಾನ್ ಹೋಸೆ ನಿಂತಿರುವುದು ಸರಿಯಾಗಿ ಅದರ ಮೇಲೆ ಕಣ್ಣಿಡುವ ಬಂಡೆಯ ನೆತ್ತಿಯಲ್ಲಿ. ಜಾಗ ಆರಿಸಿದವನಿಗೆ ಕೆಲಸ ಗೊತ್ತಿತ್ತು. ಇಂಗ್ಲಿಷರ ಭಯವೂ ಇತ್ತು. ಕೋಟೆ ಮುಗಿದ 1779ರಲ್ಲೇ ಸ್ಪೇನ್ ಬ್ರಿಟನ್ ವಿರುದ್ಧ ಯುದ್ಧಕ್ಕೆ ಇಳಿಯಿತು.

ಆದರೆ ಈ ಕೋಟೆ ಬಂದದ್ದು ಬಹಳ ತಡವಾಗಿ ಎನ್ನುವುದೂ ಅಷ್ಟೇ ನಿಜ. 1767ರಲ್ಲೇ ಸ್ಪೇನ್ ಮೊರೊಕ್ಕೋ ಜತೆ ಶಾಂತಿ ಒಪ್ಪಂದ ಮಾಡಿಕೊಂಡಿತ್ತು. 1786ರಲ್ಲಿ ಅಲ್ಜೀರ್ಸ್ ಜತೆಗೂ ಆಯಿತು. ಜನರನ್ನು ಹೊತ್ತೊಯ್ಯುವ ದಾಳಿಗಳ ಕಾಲ ಮುಗಿಯುತ್ತಾ ಬಂದಿತ್ತು. ಬರೀ ಕಡಲ್ಗಳ್ಳರಿಗೆ ಹೆದರಿ ಕಟ್ಟುವುದಾಗಿದ್ದರೆ 1618ರ ಮಾರನೇ ವರ್ಷವೇ ಕಟ್ಟಬೇಕಿತ್ತು ಅಲ್ವಾ? ಅಷ್ಟು ಕಾಲ ಬರದ ಕೋಟೆ ಬರಗಾಲ ಬಂದ ಮೇಲೆ ಬಂತು. ಜನ ಇಟ್ಟ ಹೆಸರು ಅರಮನೆಯ ಹೆಸರಿಗಿಂತ ನಿಜಕ್ಕೆ ಹತ್ತಿರ ಎಂದು ನನಗೆ ಅನ್ನಿಸುವುದು ಅದಕ್ಕೇ.

ಕಟ್ಟಡದ ಬಗ್ಗೆ ಎರಡು ಮಾತು. ಕೋಟೆ ಚಿಕ್ಕದು. ಕಡಲ ಕಡೆಗೆ ಅರ್ಧವೃತ್ತದ ಗೋಡೆ, ನೆಲದ ಕಡೆಗೆ ನೇರ ಗೋಡೆ. ಗುಂಡನೆಯ ಗೋಡೆಗೆ ಕಾರಣ ಇದೆ. ಫಿರಂಗಿಗಳನ್ನು ಬೀಸಣಿಗೆಯಂತೆ ಹರಡಿ ನಿಲ್ಲಿಸಬಹುದು, ಎದುರಿನಿಂದ ಬಂದ ಗುಂಡು ಜಾರಿಹೋಗುವ ಸಾಧ್ಯತೆಯೂ ಜಾಸ್ತಿ. ನೆಲದ ಕಡೆ ಸಣ್ಣ ಕಂದಕ, ಅದರ ಮೇಲೆ ಸೇತುವೆ. ದ್ವೀಪದ ಜ್ವಾಲಾಮುಖಿ ಕಲ್ಲನ್ನೇ ಕೆತ್ತಿ ಜೋಡಿಸಿದ ದಪ್ಪ ಗೋಡೆಗಳು. ಒಳಗೆ ಕಮಾನು ಚಾವಣಿಯ ಕೋಣೆಗಳು, ಮೇಲೆ ಬಯಲು ತಾರಸಿ. ಫಿರಂಗಿ ಅಲ್ಲಿ ಮೇಲೆ, ಮದ್ದು, ನೀರು, ಸಿಪಾಯಿಗಳು ಕೆಳಗೆ. ಕಮಾನಿನ ದಪ್ಪ ನೋಡಿದರೆ ಕೂಲಿಗಾಗಿ ಕಾಟಾಚಾರಕ್ಕೆ ಮಾಡಿದ ಕೆಲಸ ಎಂದು ಯಾರೂ ಹೇಳುವುದಿಲ್ಲ.

ಮುಗಿದ ಮೇಲೆ ಕೋಟೆ ಏನು ಮಾಡಿತು? ಹೆಚ್ಚೇನೂ ಮಾಡಲಿಲ್ಲ. 19ನೇ ಶತಮಾನದಲ್ಲಿ ಸಿಡಿಮದ್ದು ಇಡುವ ಮದ್ದಿನ ಮನೆಯಾಯಿತು. ಆಮೇಲೆ ಸೇನೆಗೂ ಬೇಡವಾಯಿತು, ಪಾಳು ಬಿತ್ತು.

ಆದರೆ ಹಸಿವು ಏನಾಯಿತು ಎನ್ನುವ ಪ್ರಶ್ನೆ ಇದೆಯಲ್ಲ, ಅದು ಕೋಟೆಗಿಂತ ಸ್ವಾರಸ್ಯದ್ದು. ಮೂರು ವರ್ಷದ ಕೂಲಿಯಿಂದ ದ್ವೀಪದ ಹೊಟ್ಟೆ ತುಂಬುವುದಿಲ್ಲ. ದ್ವೀಪಕ್ಕೆ ಉಸಿರು ಕೊಟ್ಟ ಒಂದು ವಸ್ತು, ಅದನ್ನು ಹಾಳುಮಾಡಿದ ಜ್ವಾಲಾಮುಖಿಯ ಬೂದಿಯೇ. ಲಾವಾ ಹರಿದ ಕಡೆ ಬರೀ ಕಲ್ಲು, ಏನೂ ಬೆಳೆಯದು. ಆದರೆ ಅದರ ಸುತ್ತ ಸಣ್ಣ ಕಪ್ಪು ಹರಳು ಮಳೆಯ ಹಾಗೆ ಬಿದ್ದಿತ್ತು. ಅಲ್ಲಿನವರು ಅದನ್ನು ಪಿಕೋನ್ ಎನ್ನುತ್ತಾರೆ. ತೂತುತೂತಾದ ಹರಳು. ರಾತ್ರಿ ಕಡಲ ಗಾಳಿಯ ತೇವ ಹೀರುತ್ತದೆ, ಹಗಲು ಕೆಳಗಿನ ಮಣ್ಣು ಒಣಗದ ಹಾಗೆ ಮುಚ್ಚುತ್ತದೆ. ರೈತರು ಇದನ್ನು ಗಮನಿಸಿದರು. ಹರಳಿನಲ್ಲಿ ಗುಂಡಿ ತೋಡಿ, ಕೆಳಗಿನ ಹಳೆಯ ಮಣ್ಣಿಗೆ ಬೇರು ತಾಗುವಂತೆ ದ್ರಾಕ್ಷಿ ನೆಟ್ಟರು. ಗಾಳಿ ತಡೆಯಲು ಒಂದೊಂದು ಗುಂಡಿಗೂ ಅರ್ಧಚಂದ್ರದ ಕಲ್ಲುಗೋಡೆ ಇಟ್ಟರು. ಲಾ ಹೇರಿಯಾ ಎಂಬ ಆ ಕಣಿವೆ ಇವತ್ತಿಗೂ ಹಾಗೇ ಇದೆ. ಹರಳು ಬೀಳದ ಹೊಲಗಳಿಗೂ ಜನ ಅದನ್ನು ಹೊತ್ತು ತಂದು ಹರಡಿದರು. ಬರದ ನಾಡಿನ ಬೇಸಾಯಕ್ಕೆ ಇದು ದೊಡ್ಡ ಪಾಠ, ನಮ್ಮ ಕೃಷಿ ವಿದ್ಯಾರ್ಥಿಗಳು ಒಮ್ಮೆ ನೋಡಬೇಕಾದ ಸಂಗತಿ.

ಇನ್ನೊಂದು ವಸ್ತು ಬರ್ರೀಯಾ. ಉಪ್ಪು ನೆಲದಲ್ಲಿ ಬೆಳೆಯುವ ಒಂದು ಗಿಡ. ಸುಟ್ಟರೆ ಸೋಡಾ ಬೂದಿ ಸಿಗುತ್ತದೆ. ಸಾಬೂನಿಗೂ ಗಾಜಿಗೂ ಅದು ಬೇಕು. 18ನೇ ಶತಮಾನದ ಕೊನೆಗೆ ಯುರೋಪಿನಲ್ಲಿ ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಹಡಗುಗಳು ಬರತೊಡಗಿದವು, ಬಂದರಿನ ಸುತ್ತ ಅರ್ರೆಸಿಫೆ ಬೆಳೆಯಿತು. 19ನೇ ಶತಮಾನದ ಮಧ್ಯಕ್ಕೆ ರಾಜಧಾನಿ ತೆಗೀಸೆಯಿಂದ ಕೆಳಗಿಳಿದು ದಡಕ್ಕೇ ಬಂತು. ಕಡಲಿಗೆ ಬೆನ್ನು ಹಾಕಿದ್ದ ದ್ವೀಪ ಕಡಲ ಕಡೆಗೆ ಮುಖ ತಿರುಗಿಸಿತು. ಆಮೇಲೆ ಕಾರ್ಖಾನೆಯ ಸೋಡಾ ಬಂದು ಬರ್ರೀಯಾ ಬಿತ್ತು. ಕಳ್ಳಿಯ ಮೇಲೆ ಕೆಂಪು ಬಣ್ಣ ಕೊಡುವ ಹುಳು ಸಾಕುವ ಕಸುಬು ಬಂತು. ಕೃತಕ ಬಣ್ಣ ಬಂದು ಅದೂ ಬಿತ್ತು. ಬಿದ್ದಾಗಲೆಲ್ಲ ಜನ ಅಮೆರಿಕದ ಕಡೆಗೆ ಹಡಗು ಹತ್ತಿದರು.

ಇನ್ನು ಕೋಟೆಯ ಎರಡನೇ ಹುಟ್ಟು. ಇದಕ್ಕೆ ಕಾರಣ ಅರ್ರೆಸಿಫೆಯಲ್ಲೇ 1919ರಲ್ಲಿ ಹುಟ್ಟಿದ ಕಲಾವಿದ ಸೆಸಾರ್ ಮನ್ರೀಕೆ. ಮ್ಯಾಡ್ರಿಡ್‌ನಲ್ಲಿ ಕಲಿತು, 1960ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಇದ್ದು ಊರಿಗೆ ಮರಳಿದವನು. ಅವನ ಗೆಳೆಯ ಹೋಸೆ ರಮೀರೆಸ್ ಆಗ ದ್ವೀಪದ ಆಡಳಿತ ಮಂಡಳಿಯ ಅಧ್ಯಕ್ಷ. ಪ್ರವಾಸೋದ್ಯಮ ಬರುತ್ತಿದ್ದ ಕಾಲ. ಸಮುದ್ರದ ನೀರನ್ನು ಸಿಹಿ ಮಾಡುವ ಘಟಕವೂ ಅದೇ ದಶಕದಲ್ಲಿ ಶುರುವಾಗಿತ್ತು, ಇಲ್ಲದಿದ್ದರೆ ಅಷ್ಟು ಜನಕ್ಕೆ ನೀರೆಲ್ಲಿಂದ? ಎತ್ತರದ ಹೋಟೆಲುಗಳಿಂದ ದ್ವೀಪ ಕೆಡಬಾರದು, ಇರುವ ಕಲ್ಲು, ಗುಹೆ, ಪಾಳು ಕಟ್ಟಡಗಳನ್ನೇ ಬಳಸಬೇಕು ಎನ್ನುವುದು ಮನ್ರೀಕೆಯ ಹಟ. ಲಾವಾ ಸುರಂಗವೊಂದನ್ನು ಸಂಗೀತದ ಸಭಾಂಗಣ ಮಾಡಿದ. 19ನೇ ಶತಮಾನದ ಕೊನೆಗೆ, ಕ್ಯೂಬಾ ಯುದ್ಧದ ಹೊತ್ತಿನಲ್ಲಿ, ಉತ್ತರದ ಬಂಡೆಯ ಮೇಲೆ ಫಿರಂಗಿ ನಿಲ್ಲಿಸಿದ್ದ ಜಾಗ ಅವನ ಕೈಯಲ್ಲಿ 1973ರ ಹೊತ್ತಿಗೆ ಕಡಲು ನೋಡುವ ತಾಣವಾಯಿತು.

ಮುಂದಿನ ಸರದಿ ಸಾನ್ ಹೋಸೆಯದು. 1974ರಲ್ಲಿ ದುರಸ್ತಿ ಶುರು. 1976ರ ಡಿಸೆಂಬರ್‌ನಲ್ಲಿ ಅದು ಅಂತಾರಾಷ್ಟ್ರೀಯ ಸಮಕಾಲೀನ ಕಲಾ ಮ್ಯೂಸಿಯಂ ಆಗಿ ತೆರೆಯಿತು. ಸರ್ವಾಧಿಕಾರಿ ಫ್ರಾಂಕೊ ಸತ್ತು ಆಗ ಒಂದು ವರ್ಷವಾಗಿತ್ತಷ್ಟೇ. ಸ್ಪೇನ್ ಇನ್ನೂ ಮುಂದೇನು ಎಂದು ನೋಡುತ್ತಿತ್ತು. ಇತ್ತ ಆಫ್ರಿಕಾ ಪಕ್ಕದ ಒಣ ದ್ವೀಪದ ಮದ್ದಿನ ಮನೆಯಲ್ಲಿ ಮಿಲಾರೆಸ್, ಗೆರಾರ್ದೊ ರುವೇದಾರಂಥ ಹೊಸಕಾಲದ ಚಿತ್ರಕಾರರು ಗೋಡೆ ಏರಿದ್ದರು. ಅರ್ರೆಸಿಫೆಯವನೇ ಆದ ಶಿಲ್ಪಿ ಪಾಂಚೊ ಲಾಸ್ಸೊನ ಕೆಲಸಗಳಿಗೂ ಅಲ್ಲಿ ಜಾಗ ಸಿಕ್ಕಿತು. ಮನ್ರೀಕೆ ಹಳೆಯ ಗೋಡೆಗಳನ್ನು ಜಾಸ್ತಿ ಮುಟ್ಟಲಿಲ್ಲ. ಹೊಸದು ಸೇರಿಸಿದ್ದು ಕೋಟೆಯ ಕೆಳಗೆ, ಹೊರಗಿನಿಂದ ಕಣ್ಣಿಗೆ ಹೊಡೆಯದಂತೆ. ಮೆಟ್ಟಿಲು ಇಳಿದರೆ ಬಾಗಿದ ದೊಡ್ಡ ಗಾಜಿನ ಗೋಡೆ, ಎದುರಿಗೆ ಬಂದರು. ಅದು ಊಟದ ಮನೆ. ಹಸಿವಿನ ಕೋಟೆಯ ಅಡಿಯಲ್ಲಿ ರೆಸ್ಟೋರೆಂಟ್! ಇದನ್ನು ಅವನು ಬೇಕೆಂದೇ ಮಾಡಿದನೋ ಏನೋ, ನನಗಂತೂ ನಗು ಬರುತ್ತದೆ, ಸ್ವಲ್ಪ ಕಸಿವಿಸಿಯೂ ಆಗುತ್ತದೆ.

ಕಸಿವಿಸಿ ಯಾಕೆಂದರೆ ಕಲ್ಲು ಹೊತ್ತವರ ಹೆಸರು ಗೋಡೆಯ ಮೇಲೆ ಎಲ್ಲೂ ಇಲ್ಲ. ದೊರೆಯ ಹೆಸರಿದೆ, ಕಲಾವಿದನ ಹೆಸರಿದೆ. ಆ ಜನ ಉಳಿದಿರುವುದು ‘ಫೋರ್ತಲೇಸಾ ದೆಲ್ ಆಂಬ್ರೆ’ ಎಂಬ ಅಡ್ಡಹೆಸರಿನಲ್ಲಿ ಮಾತ್ರ. ಇನ್ನೂರೈವತ್ತು ವರ್ಷ ಬಾಯಿಂದ ಬಾಯಿಗೆ ಅದನ್ನು ದಾಟಿಸಿದ್ದಾರಲ್ಲ, ಅದು ಸಣ್ಣ ಕೆಲಸವಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಮೂರು ಕೋಟೆಗಳಲ್ಲಿ ಯಾವುದನ್ನು ಮೊದಲು ನೋಡಬೇಕು ಎಂದರು ಒಬ್ಬರು. ನನ್ನನ್ನು ಕೇಳಿದರೆ ಗುವಾನಪಾಯ್ ಮೇಲಿನ ಸಾಂತಾ ಬಾರ್ಬರಾ. ಅದೀಗ ಕಡಲ್ಗಳ್ಳತನದ ಮ್ಯೂಸಿಯಂ. ಅಲ್ಲಿಂದ ದ್ವೀಪದ ಅರ್ಧ ಕಾಣುತ್ತದೆ, ಭಯ ಎಂಥದ್ದಿತ್ತು ಎಂದು ತಿಳಿಯುತ್ತದೆ. ಆಮೇಲೆ ಸಾನ್ ಗಬ್ರಿಯೆಲ್, ಕೊನೆಗೆ ಸಾನ್ ಹೋಸೆ. ಕಾಲದ ಲೆಕ್ಕದಲ್ಲೂ ಸಾನ್ ಹೋಸೆಯೇ ಕೊನೆ.

ಮಿಲಿಟರಿ ದೃಷ್ಟಿಯಿಂದ ಹಣ ದಂಡ ಆಯಿತಲ್ಲವೇ ಎಂದು ಇನ್ನೊಬ್ಬರು ಕೇಳಿದರು. ಗುಂಡು ಹಾರಿಸಿದ ಲೆಕ್ಕ ಹಿಡಿದರೆ ಹೌದು. ಆದರೆ ಆ ಹಣ ಹೋಗಿದ್ದು ಎಲ್ಲಿಗೆ? ದ್ವೀಪದ ಮನೆಗಳಿಗೆ. ಫಿರಂಗಿಗಿಂತ ಅಲ್ಲಿ ಅದಕ್ಕೆ ಬೆಲೆ ಜಾಸ್ತಿ ಇತ್ತು.

ಕೊನೆಯ ಪ್ರಶ್ನೆ ಕೋಟೆಯ ಮುಂದಿನ ಕಡಲಲ್ಲಿ ನಿಂತಿರುವ ಕುದುರೆ ಸವಾರರ ಬಗ್ಗೆ. ಅವು ಹಳೆಯವಲ್ಲ. ಜೇಸನ್ ಡಿಕೇರ್ಸ್ ಟೇಲರ್ ಎಂಬ ಶಿಲ್ಪಿಯ ಕೆಲಸ. 2015ರಲ್ಲಿ ಲಂಡನ್‌ನ ಥೇಮ್ಸ್ ನದಿಯಲ್ಲಿ ಮೊದಲು ನಿಲ್ಲಿಸಿದ್ದವು. ಕುದುರೆಗಳ ತಲೆಯ ಜಾಗದಲ್ಲಿ ಎಣ್ಣೆ ಬಾವಿಯ ಪಂಪಿನ ತಲೆ ಇದೆ, ಗಮನಿಸಿ. ಕಡಲ ಉಬ್ಬರ ಬಂದಾಗ ಮುಳುಗುತ್ತವೆ. ಆದ್ದರಿಂದ ಹೋಗುವವರು ಇಳಿತದ ಸಮಯ ನೋಡಿಕೊಂಡು ಹೋಗಿ. ಮ್ಯೂಸಿಯಂ ಆಮೇಲೆ ನೋಡಿದರೂ ಆಗುತ್ತದೆ.